1991ರಲ್ಲಿ ಅಡವಿಟ್ಟದ್ದು ಯಾರ ಚಿನ್ನ?

ಓದುಗರ ಪ್ರಶ್ನೆ:

"ನಾನು ಡೊಂಬಿವಲಿಯವಳು, ವಯಸ್ಸು 54. ಊರು ಉಡುಪಿ ಕಡೆ. ಅಪ್ಪ ಕುವೈತ್‌ನಲ್ಲಿ ಹನ್ನೊಂದು ವರ್ಷ ಡ್ರೈವರ್ ಆಗಿದ್ದರು. 1990ರಲ್ಲಿ ಗಲಾಟೆ ಶುರುವಾದಾಗ ಒಂದು ಸೂಟ್‌ಕೇಸ್ ಹಿಡಿದುಕೊಂಡು ಮುಂಬೈಗೆ ಬಂದಿಳಿದರು. ಬ್ಯಾಂಕಿನಲ್ಲಿ ಇಟ್ಟ ಹಣವೆಲ್ಲ ಅಲ್ಲೇ ಹೋಯಿತು. ಮರುವರ್ಷ ನಮ್ಮ ದೇಶವೇ ಚಿನ್ನ ಅಡವಿಟ್ಟಿತು. ಈಗ ಡಾಲರ್ 85 ರೂಪಾಯಿ ದಾಟಿದ ಮೇಲೆ ನಮ್ಮ ಮನೆಯವರ ಮೊಬೈಲಿಗೆ ದಿನಾ ಮೆಸೇಜು ಬರುತ್ತಿದೆ. 1991ರಲ್ಲಿ ಸರ್ಕಾರ ಜನರ ಚಿನ್ನ, ದೇವಸ್ಥಾನದ ಚಿನ್ನ ತೆಗೆದುಕೊಂಡಿತ್ತಂತೆ. ಬ್ಯಾಂಕಿನಿಂದ ಹಣ ತೆಗೆಯಲು ಬಿಟ್ಟಿರಲಿಲ್ಲವಂತೆ. ಮತ್ತೆ ಅದೇ ವರ್ಷ ಬರುತ್ತಿದೆಯಂತೆ. ನಮ್ಮ ಉಳಿತಾಯ ಒಟ್ಟು 19 ಲಕ್ಷ. 7 ಲಕ್ಷ ಸರ್ಕಾರಿ ಬ್ಯಾಂಕಿನ ಎಫ್‌ಡಿಯಲ್ಲಿದೆ. 12 ಲಕ್ಷ ಮನೆ ಹತ್ತಿರದ ಪತಪೇಢಿಯಲ್ಲಿ (ಸಾಲ ಸಹಕಾರಿ ಸಂಘ) ಇದೆ, ಅಲ್ಲಿ ಬಡ್ಡಿ ಜಾಸ್ತಿ. ಮನೆಯವರು ಬ್ಯಾಂಕಿನ ಎಫ್‌ಡಿ ಮುರಿದು ಚಿನ್ನದ ಬಿಸ್ಕತ್ತು ತೆಗೆದುಕೊಳ್ಳೋಣ ಎನ್ನುತ್ತಾರೆ. ದುಬೈಯಲ್ಲಿರುವ ಮಗ ಡಾಲರಲ್ಲೇ ಇಡಲಾ ಎಂದು ಕೇಳುತ್ತಾನೆ. ಅಪ್ಪನಿಗೆ ಈಗ 83. 'ಬ್ಯಾಂಕು ನಂಬಬೇಡಿ' ಅನ್ನುವುದೊಂದೇ ಅವರ ಮಾತು. ಅವರ ಹತ್ತಿರ ಇನ್ನೂ ಒಂದಿಷ್ಟು ಹಳೆಯ ದಿನಾರ್ ನೋಟುಗಳಿವೆ. ನಿಜ ಏನು, ನಾವೇನು ಮಾಡಬೇಕು?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮುಂಬೈಯ ಫೋರ್ಟ್‌ನ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದ ವರ್ಷಗಳವು. 1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನ್‌ನ ಅಮ್ಮಾನ್ ಮೂಲಕ ವಿಮಾನದಲ್ಲಿ ವಾಪಸ್ ಬಂದರು. ಅವರಲ್ಲಿ ನಮ್ಮ ಕರಾವಳಿಯವರು ಎಷ್ಟೋ ಜನ. ಕೆಲವರು ಸಹಾರ್ ವಿಮಾನ ನಿಲ್ದಾಣದಿಂದ ಸೀದಾ ನಮ್ಮ ಕೌಂಟರಿಗೆ ಬಂದಿದ್ದರು. ಒಬ್ಬರು ಬನಿಯನ್ನಿನ ಒಳಜೇಬಿನಿಂದ ದಿನಾರ್ ನೋಟು ತೆಗೆದು, ಮಡಿಕೆ ಬಿಡಿಸಿ, ಗಾಜಿನ ಕೆಳಗಿನಿಂದ ತಳ್ಳಿದರು. ಬೆವರಿಗೆ ನೋಟು ಒದ್ದೆಯಾಗಿತ್ತು. ಒಂದು ತಿಂಗಳ ಹಿಂದೆ ಒಂದು ದಿನಾರಿಗೆ ಅರವತ್ತು ರೂಪಾಯಿಯಷ್ಟು ಬರುತ್ತಿತ್ತು. ಆ ದಿನ ನಮ್ಮ ದರಪಟ್ಟಿಯಲ್ಲಿ ಅದರ ಎದುರಿನ ಜಾಗ ಖಾಲಿ. "ಇವತ್ತು ಆಗುವುದಿಲ್ಲ ಅಣ್ಣ" ಎಂದು ಹೇಳಿದವನು ನಾನೇ. ಆದ್ದರಿಂದ ನಿಮ್ಮ ಅಪ್ಪನ ಮಾತನ್ನು ಮುದುಕರ ಹಠ ಎಂದು ನಾನು ಯಾವತ್ತೂ ಅನ್ನಲಾರೆ. ಅವರು ಕಂಡದ್ದು ನಿಜ.

ಆದರೆ ಅವರು ಕಂಡದ್ದು ಕುವೈತ್‌ನಲ್ಲಿ. ಅಲ್ಲಿ ಸರ್ಕಾರವೇ ಓಡಿಹೋಯಿತು. ಬ್ಯಾಂಕುಗಳು ಬೇರೆ ದೇಶದ ಸೈನ್ಯದ ಕೈಗೆ ಬಿದ್ದವು, ಆ ನೋಟನ್ನೇ ಇರಾಕ್ ರದ್ದು ಮಾಡಿತು. 1991ರಲ್ಲಿ ಭಾರತದಲ್ಲಿ ಆದದ್ದು ಬೇರೆ ಜಾತಿಯ ಕಷ್ಟ. ನಿಮ್ಮ ಮನೆಯಲ್ಲಿ ಇವೆರಡೂ ಒಂದರ ಹಿಂದೆ ಒಂದು ಬಂದವು, ಅದಕ್ಕೇ ನೆನಪಿನಲ್ಲಿ ಅಂಟಿಕೊಂಡಿವೆ.

ಮೊದಲು ಆ ಮೆಸೇಜಿನ ವಿಚಾರ. ಅದನ್ನು ಬರೆದವರು ಮೂರು ಬೇರೆ ಬೇರೆ ವರ್ಷಗಳನ್ನು ಸೇರಿಸಿ ಹೊಲಿದಿದ್ದಾರೆ. ಜನ ಚಿನ್ನ ಕೊಟ್ಟದ್ದು 1962ರ ಚೀನಾ ಯುದ್ಧದ ಕಾಲದಲ್ಲಿ. ಆಗ ಹೆಂಗಸರು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು, ತಾವಾಗಿಯೇ ಕೊಟ್ಟರು. ಬ್ಯಾಂಕಿನಿಂದ ಹಣ ತೆಗೆಯಲು ಮಿತಿ ಹಾಕಿದ್ದು 2016ರ ನವೆಂಬರಿನ ನೋಟು ರದ್ದತಿಯ ನಂತರ. ವಾರಕ್ಕೆ 24 ಸಾವಿರ ಎಂದು ಸಾಲು ನಿಂತದ್ದು ನಿಮಗೂ ನೆನಪಿದೆ, ಅಲ್ವಾ? 1991ರಲ್ಲಿ ಇವೆರಡೂ ಆಗಲಿಲ್ಲ. ಆ ವರ್ಷ ಪೂರ್ತಿ ನಮ್ಮ ಶಾಖೆಯಲ್ಲಿ ಎಫ್‌ಡಿ ಮುರಿಯಲು ಬಂದ ಒಬ್ಬರಿಗೂ ನಾವು ಇಲ್ಲ ಎನ್ನಲಿಲ್ಲ. ರೂಪಾಯಿ ಖಾತೆಗೆ ಯಾವ ತಡೆಯೂ ಇರಲಿಲ್ಲ.

ಹಾಗಾದರೆ ಹೋದದ್ದು ಯಾರ ಚಿನ್ನ? ಎರಡು ಸಲ ಹೋಯಿತು. ಮೊದಲನೆಯದು ಮೇ ತಿಂಗಳಲ್ಲಿ, ಚಂದ್ರಶೇಖರ್ ಅವರ ಉಸ್ತುವಾರಿ ಸರ್ಕಾರ ಇದ್ದಾಗ, 20 ಟನ್. ಅದು ಕಳ್ಳಸಾಗಣೆಯವರಿಂದ ಹಿಡಿದು ಸರ್ಕಾರ ಜಪ್ತಿ ಮಾಡಿಕೊಂಡಿದ್ದ ಚಿನ್ನ. ಅದನ್ನು ಸ್ಟೇಟ್ ಬ್ಯಾಂಕಿನ ಮೂಲಕ ಒಂದು ಸ್ವಿಸ್ ಬ್ಯಾಂಕಿಗೆ, ತಿರುಗಿ ಕೊಳ್ಳುವ ಷರತ್ತಿನ ಮೇಲೆ ಮಾರಿದರು. ಎರಡನೆಯದು ಜುಲೈನಲ್ಲಿ, ನರಸಿಂಹರಾವ್ ಪ್ರಧಾನಿಯಾದ ಮೇಲೆ. ಅದು ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ, ಸುಮಾರು 47 ಟನ್. ಇದೇ ಮುಂಬೈಯ ತಿಜೋರಿಯಿಂದ ವಿಮಾನ ನಿಲ್ದಾಣಕ್ಕೆ, ಅಲ್ಲಿಂದ ಲಂಡನ್ನಿಗೆ, ಕಂತು ಕಂತಾಗಿ ಹೋಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಅದರ ಮೇಲೆ 40 ಕೋಟಿ ಡಾಲರಿಗೆ ಸ್ವಲ್ಪ ಜಾಸ್ತಿ ಸಾಲ ಕೊಟ್ಟವು. ಆ ವರ್ಷ ಮುಗಿಯುವುದರೊಳಗೆ ಸಾಲ ತೀರಿಸಿ ಚಿನ್ನ ಬಿಡಿಸಿಕೊಂಡದ್ದೂ ಆಯಿತು. ನಿಮ್ಮ ಅಮ್ಮನ ಕರಿಮಣಿಯಾಗಲಿ, ಊರ ದೇವರ ಆಭರಣವಾಗಲಿ ಅದರಲ್ಲಿ ಇರಲಿಲ್ಲ.

ಮಿಂಟ್ ರೋಡಿನ ರಿಸರ್ವ್ ಬ್ಯಾಂಕ್ ಕಟ್ಟಡ ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ದೂರ. ಆದರೂ ನಮಗ್ಯಾರಿಗೂ ಗೊತ್ತಿರಲಿಲ್ಲ. ಜುಲೈ ಎರಡನೇ ವಾರ ಪತ್ರಿಕೆಯಲ್ಲಿ ಓದಿಯೇ ತಿಳಿದದ್ದು. ಆ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕುಳಿತವರು ಯಾರೂ ಸರಿಯಾಗಿ ಉಣ್ಣಲಿಲ್ಲ. ನಮ್ಮ ಕಡೆ ಮನೆಯ ಚಿನ್ನ ಅಡವಿಡುವುದು ಕೊನೆಯ ದಾರಿ, ಅಲ್ವಾ? ಅದೂ ಯಾರಿಗೂ ಗೊತ್ತಾಗದ ಹಾಗೆ, ಸೆರಗಿನ ಮರೆಯಲ್ಲಿ ಒಯ್ಯುತ್ತಾರೆ. ದೇಶಕ್ಕೆ ಆ ಗತಿ ಬಂತಲ್ಲ ಎಂಬ ನಾಚಿಕೆ ಎಲ್ಲರಿಗೂ ಆಗಿತ್ತು. ಇವತ್ತಿಗೂ ಆ ಮೆಸೇಜುಗಳು ಜನರನ್ನು ಹೆದರಿಸುವುದು ಆ ನಾಚಿಕೆಯ ನೆನಪಿನಿಂದಲೇ ಎಂದು ನನಗೆ ಅನ್ನಿಸುತ್ತದೆ.

ಯಾಕೆ ಹಾಗಾಯಿತು? ಒಂದು ಹೋಟೆಲಿನ ಲೆಕ್ಕ ಹೇಳುತ್ತೇನೆ. ಮಾಟುಂಗದಲ್ಲಿ ಒಬ್ಬರ ಉಡುಪಿ ಹೋಟೆಲು ಚೆನ್ನಾಗಿ ನಡೆಯುತ್ತಿದೆ ಅಂದುಕೊಳ್ಳಿ. ಗಲ್ಲಾ ತುಂಬ ರೂಪಾಯಿ ಇದೆ. ಆದರೆ ಎಣ್ಣೆ ಕೊಡುವವನು ರೂಪಾಯಿ ಮುಟ್ಟುವುದಿಲ್ಲ, ಡಾಲರೇ ಬೇಕು ಎನ್ನುತ್ತಾನೆ. ಡಾಲರು ಬರಬೇಕಾದರೆ ಹೊರಗಿನವರು ಬಂದು ತಿನ್ನಬೇಕು. ಅವರು ಬರುವುದು ಕಡಿಮೆ. ಹಾಗಾಗಿ ವರ್ಷ ವರ್ಷ ಡಾಲರ್ ಸಾಲ ತಂದು ಎಣ್ಣೆ ಕೊಂಡರು. ಒಂದು ದಿನ ಸಾಲ ಕೊಡುವವನೂ ಕೈ ಎತ್ತಿದ. ಗಲ್ಲಾದಲ್ಲಿ ರೂಪಾಯಿ ಇದ್ದೂ ಒಲೆ ಉರಿಯುವುದಿಲ್ಲ. 1991ರಲ್ಲಿ ದೇಶಕ್ಕೆ ಬರಿದಾದದ್ದು ಈ ಡಾಲರಿನ ಗಲ್ಲಾ.

1980ರ ದಶಕ ಪೂರ್ತಿ ಸರ್ಕಾರ ಆದಾಯಕ್ಕಿಂತ ಜಾಸ್ತಿ ಖರ್ಚು ಮಾಡಿತ್ತು. 1990-91ರಲ್ಲಿ ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇಕಡಾ 8ರ ಆಸುಪಾಸಿನಲ್ಲಿತ್ತು. ಹೊರಗಿನಿಂದ ತಂದ ಸಾಲದಲ್ಲಿ ಬೇಗ ತೀರಿಸಬೇಕಾದ ಸಣ್ಣ ಅವಧಿಯ ಸಾಲ ಹೆಚ್ಚಾಗಿತ್ತು. ಅದರ ಮೇಲೆ ಕುವೈತ್ ಯುದ್ಧ. ಎಣ್ಣೆ ಬೆಲೆ ಏರಿತು. ನಿಮ್ಮ ಅಪ್ಪನಂಥವರು ಕಳಿಸುತ್ತಿದ್ದ ಹಣ ನಿಂತಿತು. ಸೋವಿಯತ್ ಕಡೆಯ ವ್ಯಾಪಾರವೂ ಕುಸಿಯುತ್ತಿತ್ತು.

ಇಷ್ಟಾದರೂ ಸಂಭಾಳಿಸಬಹುದಿತ್ತೇನೋ. ರಾಜಕೀಯ ಅದಕ್ಕೆ ಬಿಡಲಿಲ್ಲ. 1990ರ ನವೆಂಬರಿನಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಿತ್ತು. ಕಾಂಗ್ರೆಸ್ಸಿನ ಹೊರಗಿನ ಬೆಂಬಲದಿಂದ ಚಂದ್ರಶೇಖರ್ ಬಂದರು. ಫೆಬ್ರವರಿಯಲ್ಲಿ ಅವರ ಹಣಕಾಸು ಮಂತ್ರಿ ಯಶವಂತ ಸಿನ್ಹಾ ಪೂರ್ಣ ಬಜೆಟ್ ಮಂಡಿಸಲಿಕ್ಕೇ ಆಗಲಿಲ್ಲ. ಮಾರ್ಚ್ 6ಕ್ಕೆ ಆ ಸರ್ಕಾರವೂ ರಾಜೀನಾಮೆ ಕೊಟ್ಟಿತು. ಚುನಾವಣೆ ನಡುವೆಯೇ, ಮೇ 21ರ ರಾತ್ರಿ, ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಮರುದಿನದ ಫೋರ್ಟ್ ಇನ್ನೂ ಕಣ್ಣ ಮುಂದಿದೆ. ಅಂಗಡಿಗಳ ಶಟರ್ ಎಲ್ಲ ಕೆಳಗೆ, ಲೋಕಲ್ ಖಾಲಿ, ಒಂದು ಚಹಾ ಕೂಡ ಸಿಗಲಿಲ್ಲ. ಉಳಿದ ಮತದಾನ ಜೂನ್ ಮಧ್ಯಕ್ಕೆ ಹೋಯಿತು. ಸಾಲ ಕೊಡುವವರು ಎದುರಿಗೆ ಕುಳಿತು ಮಾತಾಡಬೇಕೆಂದರೆ ದೆಹಲಿಯಲ್ಲಿ ಗಟ್ಟಿ ಸರ್ಕಾರವೇ ಇಲ್ಲ. ಹೊರಗಿನವರ ನಂಬಿಕೆ ಹೋದದ್ದು ಹೀಗೆ.

ನಂಬಿಕೆ ಹೋಗುವುದು ಹೇಗಿರುತ್ತದೆ ಅನ್ನುವುದನ್ನು ನಾನು ಟೆಲೆಕ್ಸ್ ಕಾಗದದ ಮೇಲೆ ನೋಡಿದೆ. ಮಸ್ಜಿದ್ ಬಂದರಿನಲ್ಲಿ ಬಣ್ಣದ ಕೆಮಿಕಲ್ ವ್ಯಾಪಾರ ಮಾಡುವ ಒಬ್ಬ ಸೇಠ್ ನಮ್ಮ ಗ್ರಾಹಕರು. ಇಪ್ಪತ್ತು ವರ್ಷದಿಂದ ನಮ್ಮಲ್ಲೇ ಎಲ್‌ಸಿ ತೆಗೆಯುತ್ತಿದ್ದರು. ಎಲ್‌ಸಿ ಅಂದರೆ, ಮಾಲು ಕಳಿಸಿದರೆ ಹಣ ನಾವು ಕೊಡುತ್ತೇವೆ ಎಂದು ಬ್ಯಾಂಕು ಕೊಡುವ ಭರವಸೆ ಪತ್ರ. ಆ ಬೇಸಿಗೆಯಲ್ಲಿ ಲಂಡನ್ನಿನಿಂದ ಎರಡು ಸಾಲಿನ ಟೆಲೆಕ್ಸ್ ಬಂತು. ನಿಮ್ಮ ಎಲ್‌ಸಿಗೆ ನಾವು ಹೊಣೆ ನಿಲ್ಲುವುದಿಲ್ಲ ಎಂದು. ಇತ್ತ ರಿಸರ್ವ್ ಬ್ಯಾಂಕ್ ಆಮದು ತಡೆಯಲು ಮಾರ್ಜಿನ್, ಅಂದರೆ ಮುಂಗಡವಾಗಿ ಇಡಬೇಕಾದ ನಗದನ್ನು, ಏರಿಸುತ್ತಾ ಹೋಗಿತ್ತು. 1990ರ ಅಕ್ಟೋಬರಿನಲ್ಲಿ ಶೇಕಡಾ 50 ಇದ್ದದ್ದು ಏಪ್ರಿಲ್ ಹೊತ್ತಿಗೆ 200. ಯಂತ್ರೋಪಕರಣ ಬಿಟ್ಟು ಬೇರೆ ಮಾಲು ಒಂದು ಲಕ್ಷದ್ದು ತರಿಸಬೇಕಾದರೆ ಎರಡು ಲಕ್ಷ ನಗದು ಬ್ಯಾಂಕಿನಲ್ಲಿ ಇಡಬೇಕು. ಸೇಠ್ ನನ್ನ ಮೇಜಿನ ಮುಂದೆ ಸುಮ್ನೆ ಕುಳಿತೇ ಇದ್ದರು. ಆ ವರ್ಷ ಮಳೆಗಾಲಕ್ಕೆ ಅವರು ಗೋದಾಮಿನ ಆರು ಆಳುಗಳಲ್ಲಿ ನಾಲ್ವರನ್ನು ಊರಿಗೆ ಕಳಿಸಿದರು.

ಅದೇ ಹೊತ್ತಿಗೆ ಅನಿವಾಸಿ ಭಾರತೀಯರು ಇಲ್ಲಿನ ಡಾಲರ್ ಠೇವಣಿಗಳನ್ನು ಹೊರಗೆ ಎಳೆದುಕೊಂಡರು. ಅವರನ್ನು ಬೈಯುವ ಹಾಗಿಲ್ಲ, ಹೆದರಿದವರು ಹಾಗೇ ಮಾಡುತ್ತಾರೆ. ಆದರೆ ಇದ್ದ ಅಲ್ಪ ಸ್ವಲ್ಪ ಡಾಲರೂ ಹಾಗೆ ಹೋಯಿತು. ಜೂನ್ ಕೊನೆಗೆ ಉಳಿದದ್ದು ಸುಮಾರು 110 ಕೋಟಿ ಡಾಲರ್. ಎರಡು ಮೂರು ವಾರದ ಆಮದಿಗೆ ಸಾಲುವಷ್ಟು.

ಜುಲೈ 1 ಸೋಮವಾರ, ಜುಲೈ 3 ಬುಧವಾರ, ಎರಡು ಹೆಜ್ಜೆಯಲ್ಲಿ ರೂಪಾಯಿ ಬೆಲೆ ಇಳಿಸಿದರು. ಡಾಲರಿಗೆ 21ರ ಆಸುಪಾಸು ಇದ್ದದ್ದು 26ರ ಹತ್ತಿರ ಬಂತು. ಎರಡನೇ ಹೆಜ್ಜೆ ನಿಲ್ಲಿಸಬೇಕೆಂದು ಪ್ರಧಾನಿಗೆ ಅನ್ನಿಸಿತ್ತು. ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ಬೆಳಿಗ್ಗೆ ರಿಸರ್ವ್ ಬ್ಯಾಂಕಿನ ರಂಗರಾಜನ್ ಅವರಿಗೆ ಫೋನು ಮಾಡುವಷ್ಟರಲ್ಲಿ ಅದು ಆಗಿಹೋಗಿತ್ತು. ಜುಲೈ 24ರ ಬಜೆಟ್ಟಿನಲ್ಲಿ ಪೆಟ್ರೋಲ್, ಅಡುಗೆ ಗ್ಯಾಸ್ ಶೇಕಡಾ 20 ಏರಿತು. ಅದೇ ದಿನ ಹೆಚ್ಚಿನ ಕೈಗಾರಿಕೆಗಳಿಗೆ ಲೈಸೆನ್ಸ್ ಪದ್ಧತಿ ಹೋಯಿತು. ಆಗಸ್ಟಿನಲ್ಲಿ ಹಣದುಬ್ಬರ ಶೇಕಡಾ 17ರ ಹತ್ತಿರ. ಬ್ಯಾಂಕಿನ ಬಡ್ಡಿ ಅದರ ಸಮಕ್ಕೆ ಬರಲಿಲ್ಲ. ನಿಮ್ಮಂಥ ಮನೆಗಳಿಗೆ 1991ರ ಪೆಟ್ಟು ಬಿದ್ದದ್ದು ಇಲ್ಲಿ. ಪಾಸ್‌ಬುಕ್ಕಿನ ಅಂಕಿ ಹಾಗೇ ಇತ್ತು. ಆ ಅಂಕಿಗೆ ಬರುವ ಅಕ್ಕಿ, ಎಣ್ಣೆ ಕಡಿಮೆಯಾಯಿತು.

ಈಗ ಮತ್ತೆ ಹಾಗಾಗುತ್ತದಾ? ಇವತ್ತು ವಿದೇಶಿ ವಿನಿಮಯ ಸಂಗ್ರಹ 60 ಸಾವಿರ ಕೋಟಿ ಡಾಲರಿಗೂ ಜಾಸ್ತಿ ಇದೆ. ಹತ್ತು ತಿಂಗಳ ಆಸುಪಾಸಿನ ಆಮದಿಗೆ ಸಾಕು. 2025ರ ಮಾರ್ಚ್ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕಿನ ಚಿನ್ನ ಸುಮಾರು 880 ಟನ್. 2024ರಲ್ಲಿ ಇಂಗ್ಲೆಂಡಿನಲ್ಲಿ ಇಟ್ಟಿದ್ದ 100 ಟನ್ನಿನಷ್ಟು ಚಿನ್ನವನ್ನು ವಾಪಸ್ ತಂದರು. ಆ ಸುದ್ದಿ ಓದಿದ ದಿನ ನನಗೆ 1991ರ ಊಟದ ಡಬ್ಬಿ ನೆನಪಾಯಿತು. ಇನ್ನೊಂದು ವ್ಯತ್ಯಾಸವಿದೆ. ಆಗ ರೂಪಾಯಿಯ ದರವನ್ನು ಸರ್ಕಾರ ಹಿಡಿದಿಟ್ಟಿತ್ತು, ತಡೆಯಲಾರದಾದಾಗ ಒಮ್ಮೆಗೇ ಬಿಟ್ಟಿತು. 1993ರಿಂದ ದರ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ, ದಿನಾ ಸ್ವಲ್ಪ ಸ್ವಲ್ಪ ಅಲ್ಲಾಡುತ್ತದೆ. ಹಾಗೆಂದು ರೂಪಾಯಿ ಇಳಿದರೆ ಏನೂ ಆಗುವುದಿಲ್ಲ ಎಂದು ಹೇಳಲಾರೆ. ನಮ್ಮ ಕಚ್ಚಾ ತೈಲದಲ್ಲಿ ಬಹುಪಾಲು ಹೊರಗಿನದು, ಅಡುಗೆ ಎಣ್ಣೆಯಲ್ಲೂ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ತಿಂಗಳ ದಿನಸಿ ಚೀಟಿಯಲ್ಲಿ ಅದು ಕಾಣಿಸುತ್ತದೆ.

ಇನ್ನು ನಿಮ್ಮ ಹಣ. ತಂಗೀ, ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಡಾಲರಿನ ದರವಲ್ಲ, ಆ ಪತಪೇಢಿಯ 12 ಲಕ್ಷ. ನಿಮ್ಮ ಮನೆಯವರು ಗಟ್ಟಿ ಜಾಗದ ಹಣವನ್ನು ಮುರಿಯಬೇಕು ಎನ್ನುತ್ತಿದ್ದಾರೆ, ಮೆತ್ತಗಿನ ಜಾಗದ್ದನ್ನು ಹಾಗೇ ಬಿಡುತ್ತಿದ್ದಾರೆ.

ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 1991ರಲ್ಲಿ ಅದು ಬರೀ 30 ಸಾವಿರ ಇತ್ತು, 2020ರ ಫೆಬ್ರವರಿಯಿಂದ 5 ಲಕ್ಷ. ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಸಹಕಾರಿ ಬ್ಯಾಂಕು ಎಲ್ಲಕ್ಕೂ ಇದು ಅನ್ವಯ. ಪತಪೇಢಿ ಬ್ಯಾಂಕಲ್ಲ, ಅದು ಪತ ಸಂಸ್ಥೆ, ಸಾಲ ಸಹಕಾರಿ ಸಂಘ. ಅದಕ್ಕೆ ಈ ವಿಮೆ ಇಲ್ಲ. ರಿಸರ್ವ್ ಬ್ಯಾಂಕಿನ ಕಣ್ಣೂ ಅದರ ಮೇಲೆ ಇರುವುದಿಲ್ಲ. ನಿಮ್ಮ ಹತ್ತಿರದ ಪತಪೇಢಿ ಪ್ರಾಮಾಣಿಕವಾಗಿಯೇ ನಡೆಯುತ್ತಿರಬಹುದು. ಎಷ್ಟೋ ಪೇಢಿಗಳು ಬಡವರ ಮನೆಯ ಮದುವೆ, ಮಕ್ಕಳ ಫೀಸು ನಡೆಸಿಕೊಟ್ಟಿವೆ. ಆದರೆ ಮನೆಯ ಉಳಿತಾಯದ ಮೂರರಲ್ಲಿ ಎರಡು ಪಾಲಿನ ಹತ್ತಿರ ಅಲ್ಲೇ ಇಡುವುದು ಸರಿಯಲ್ಲ. ಬಡ್ಡಿ ಎರಡು ಮೂರು ಪರ್ಸೆಂಟ್ ಜಾಸ್ತಿ ಯಾಕೆ ಕೊಡುತ್ತಾರೆ? ಆ ಅಪಾಯಕ್ಕೇ ಕೊಡುವುದು.

ಅಲ್ಲಿಗೆ ಹೋಗಿ ರಸೀದಿಗಳ ಮುದ್ದತು ಯಾವಾಗ ಮುಗಿಯುತ್ತದೆ ನೋಡಿ. ಹತ್ತಿರದಲ್ಲಿ ಮುಗಿಯುವುದನ್ನು ನವೀಕರಿಸಬೇಡಿ. ದೂರ ಇರುವುದನ್ನು ಮುರಿದರೆ ಎಷ್ಟು ಬಡ್ಡಿ ಹಿಡಿಯುತ್ತಾರೆ ಕೇಳಿ. ಸ್ವಲ್ಪ ಹೋದರೂ ಮುರಿಯುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಾಳೆ ಬನ್ನಿ, ಮುಂದಿನ ತಿಂಗಳು ಬನ್ನಿ ಎಂದು ಅಲೆಸಿದರೆ ಕಾಯುತ್ತ ಕೂರಬೇಡಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಸಹಕಾರ ಇಲಾಖೆಯ ನಿಬಂಧಕರ ಕಚೇರಿಗೆ ದೂರು ಕೊಡಬಹುದು. ಬಂದ ಹಣವನ್ನು ಒಂದೇ ಕಡೆ ಇಡದೆ ಮೂರು ಬ್ಯಾಂಕಿಗೆ ಹಂಚಿ, ಒಂದೊಂದರಲ್ಲಿ ಬಡ್ಡಿ ಸೇರಿ 5 ಲಕ್ಷ ದಾಟದ ಹಾಗೆ. ಈಗಿನ 7 ಲಕ್ಷದ ಎಫ್‌ಡಿಯನ್ನು ಮುಟ್ಟುವ ಅವಸರ ಇಲ್ಲ, 5 ಲಕ್ಷ ದಾಟಿದ್ದರೂ ಅದು ಇರುವುದು ಸರ್ಕಾರಿ ಬ್ಯಾಂಕಿನಲ್ಲಿ.

ಚಿನ್ನ ಬೇಡವೇ ಬೇಡ ಎನ್ನುವವನಲ್ಲ ನಾನು. ಅದು ನಮ್ಮ ಮನೆಗಳಲ್ಲಿ ಕಷ್ಟಕಾಲದ ನಂಟ. ಆದರೆ ಹೆದರಿಕೆಯಲ್ಲಿ ಒಮ್ಮೆಗೇ ಏಳು ಲಕ್ಷದ ಬಿಸ್ಕತ್ತು ತೆಗೆದುಕೊಂಡರೆ ಏನಾಗುತ್ತದೆ ನೋಡಿ. ಎಫ್‌ಡಿ ಮುರಿದದ್ದಕ್ಕೆ ಬಡ್ಡಿ ಕಡಿತ. ಕೊಳ್ಳುವಾಗ ಶೇಕಡಾ 3 ಜಿಎಸ್‌ಟಿ, ಮಾರುವಾಗ ಅದು ಬರುವುದಿಲ್ಲ. ಮನೆಯಲ್ಲಿಟ್ಟರೆ ಕಳ್ಳರ ಭಯ. ಲಾಕರಿನಲ್ಲಿ ಇಟ್ಟರೂ, ಬ್ಯಾಂಕಿನ ತಪ್ಪಿನಿಂದ ಹೋದರೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ ಅವರ ಹೊಣೆ. ಬೆಲೆ ಏರುತ್ತಲೇ ಇರುತ್ತದೆ ಎಂಬುದೂ ನಿಜವಲ್ಲ. 2012ರ ಕೊನೆಗೆ ಹತ್ತು ಗ್ರಾಮಿಗೆ 30 ಸಾವಿರ ದಾಟಿದ್ದ ಚಿನ್ನ 2015ರಲ್ಲಿ 26 ಸಾವಿರದ ಆಸುಪಾಸಿಗೆ ಬಂದಿತ್ತು. ಆ ಹೊತ್ತಿಗೆ ಹಣ ಬೇಕಾದವರು ನಷ್ಟಕ್ಕೇ ಮಾರಿದರು. ಮನೆಯವರಿಗೆ ಸಮಾಧಾನ ಆಗಬೇಕಿದ್ದರೆ ಒಟ್ಟು ಉಳಿತಾಯದ ಹತ್ತನೇ ಒಂದು ಪಾಲು ಚಿನ್ನಕ್ಕೆ ಹಾಕಲಿ, ಅದೂ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಆಭರಣವಾದರೆ ಹಾಲ್‌ಮಾರ್ಕ್ ಮತ್ತು ಆ ಒಡವೆಯ ಗುರುತಿನ ಸಂಖ್ಯೆಯಾದ, ಅಕ್ಷರ ಅಂಕಿ ಸೇರಿ ಆರು ಇರುವ ಎಚ್‌ಯುಐಡಿ ನೋಡಿ. ಬಿಲ್ ಇಲ್ಲದೆ ಬೇಡ.

ಮಗನ ವಿಚಾರ ಸುಲಭ. ಇಲ್ಲಿನ ಖರ್ಚಿಗೆ ಬೇಕಾದದ್ದು ಎನ್‌ಆರ್‌ಇ ಖಾತೆಗೆ (ಅನಿವಾಸಿ ಭಾರತೀಯರ ರೂಪಾಯಿ ಖಾತೆ) ಬರಲಿ, ರೂಪಾಯಿ ಇಳಿದಾಗ ಅವನಿಗೆ ಲಾಭವೇ. ಮುಂದೆ ಹೊರಗೇ ಬೇಕಾಗುವ ಹಣವಿದ್ದರೆ ಎಫ್‌ಸಿಎನ್‌ಆರ್ ಠೇವಣಿ ನೋಡಲಿ. ಒಂದರಿಂದ ಐದು ವರ್ಷ, ಡಾಲರಿನಲ್ಲೇ ಇಡುತ್ತಾರೆ, ಡಾಲರಿನಲ್ಲೇ ಕೊಡುತ್ತಾರೆ, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ವರ್ಷದೊಳಗೆ ಮುರಿದರೆ ಬಡ್ಡಿ ಸಿಗುವುದಿಲ್ಲ. ಡಾಲರ್ ನೋಟು ತಂದು ಮನೆಯ ಕಪಾಟಿನಲ್ಲಿ ಇಡುವ ಯೋಚನೆ ಮಾತ್ರ ಬೇಡ. ಇಲ್ಲಿ ವಾಸಿಸುವವರು 2,000 ಡಾಲರಿಗಿಂತ ಜಾಸ್ತಿ ನೋಟು ಇಟ್ಟುಕೊಳ್ಳುವ ಹಾಗಿಲ್ಲ.

ಕೊನೆಗೆ ಅಪ್ಪನ ದಿನಾರ್ ನೋಟುಗಳು. ಆ ಕಾಲದ ನೋಟುಗಳನ್ನು ಕುವೈತ್ 1991ರಲ್ಲೇ ಹಿಂತೆಗೆದುಕೊಂಡು ಹೊಸದು ಅಚ್ಚು ಹಾಕಿತು. ಈಗ ಯಾವ ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ. ಬದಲಾಯಿಸಿ ಕೊಡುತ್ತೇನೆ ಎಂದು ಕಮಿಷನ್ ಕೇಳುವವರ ಕೈಗೆ ಕೊಡಬೇಡಿ. ಪತಪೇಢಿಗೆ ಹೋಗುವ ದಿನ ಸಾಧ್ಯವಾದರೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಹಣ ತೆಗೆಯುವ ಕೌಂಟರಿನ ಮುಂದೆ ಈ ಸಲ ಅವರು ನಿಲ್ಲಲಿ. ರಸೀದಿ ಎಣಿಸುವ ಕೆಲಸ ಅವರಿಗೇ ಕೊಡಿ.